ಲೈನ್ ಕ್ಲಿಯರ್

ನಮ್ಮೂರಾಗ ಮಳಿ ಬಂದ್ರ ಮಕ್ಕಳ್ನ ಒಳಗ ಹಿಡಿದಿಡೂದಿಲ್ಲ,
ಬಾಗಿಲಾ ತೆರೆದು ಹೊರಗ ದೂಡತೀವಿ:
ಹೋಗ್ರಿ, ಮತ್ತ ಯಾವಾಗ ಬರತೈತೋ ಏನೋ,
ತೊಯ್ಕೊಂಡು ಬರ್ರಿ.
ಇಲ್ಲಿ ನಾಪೋಕ್ಲಿನಾಗ
ಅದಽ ಬಾಗಿಲಾ ಹಾಕಿ, ಸಂದಿಗೆ ಗೋಣಿಚೀಲ ತುರುಕಿ
ಇವತ್ತಿಗೆ ಆರನೇ ದಿನ.

ಡೀಸಿ ಸಾಹೇಬ್ರು ಇವತ್ತೂ ರಜಾ ಕೊಟ್ಟಾರ.
ಮೊದಲ್ನೇ ದಿನ ಮೂರೂ ಮಕ್ಕಳು ಕುಣದ್ವು.
ಈಗ ಸಣ್ಣವ ಈರಣ್ಣ ಕೇಳತಾನ:
"ಯವ್ವಾ, ಮಳಿ ಬಿಡೂದೂ ಡೀಸೀನಽ ಏನ?"

ಹಾವು-ಏಣಿ ಪಟಕ್ಕ ಬೂಸ್ಟು ಬಂದು
ತೊಂಬತ್ತೆಂಟರ ಹಾವು ಮಾಯ ಆಗೈತಿ.
ಹಂಗಾಗಿ ಯಾರೂ ಬೀಳೂದಿಲ್ಲ, ಎಲ್ಲಾರೂ ಗೆಲ್ಲತಾರ,
ಆಟ ಬ್ಯಾಸರ.

ಮೊನ್ನೆ ಬಾಜೂ ಮನಿ ದೇಚಮ್ಮಾರು
ಕಕ್ಕಡದ ಮದ್ದುಸೊಪ್ಪಿನ ಪಾಯಸ ಕಳಿಸಿದ್ರು.
ತಿಂದ್ರ ಉಚ್ಚಿ ಕೆಂಪಗ ಆಗತೈತಿ ಅಂದಿದ್ದಽ ತಡ,
ಇಡೀ ಮುಂಜಾನಿ ಮೂವರೂ ಬಚ್ಚಲಕ್ಕ ಪಾಳಿ ಹಚ್ಚಿ
ಬಣ್ಣಕ್ಕ ನಂಬರ್ ಕೊಟ್ಟು ಚೀರಿ ನಕ್ಕು—
ಮಕ್ಕಳ್ನ ಆಡಸೂ ಔಷಧ ಅಂದ್ರ ಇದಽ ನೋಡು ಅಂದ್ಕೊಂಡೆ.
ಆದ್ರ ಅದು ವರ್ಷಕ್ಕ ಒಂದಽ ದಿನ.

ಇವರಪ್ಪ ಲೈನ್‌ಮನ್.
ನಿನ್ನಿ ನಸುಕಿನ್ಯಾಗ ಭಾಗಮಂಡಲದ ಕಡೆ ಹೋದವರು.
ಮರ ಬಿದ್ದು ಹನ್ನೊಂದು ಕಂಬ ಮಲಗ್ಯಾವಂತ.
ಫೋನು ಸತ್ತೈತಿ:
ನಮ್ಮದೋ, ಅವರದೋ, ಟವರಿಂದೋ.

ಮಧ್ಯಾಹ್ನ ದೊಡ್ಡಾಕಿ ಶಿವಗಂಗಾ
ನನ್ನ ಅರ್ಧಾ ಹೆಣೆದ ಸ್ವೆಟರು ಬಿಚ್ಚಿದ್ಲು.
ಕಸಬರಗಿ ಒಂದು ಕಂಬ, ಛತ್ರಿ ಒಂದು ಕಂಬ,
ಟೀವಿ ಹೆಂಗೂ ಸುಮ್ನ ಕುಂತೈತಿ, ಅದೂ ಕಂಬ.
ಹೊರಸಿನಿಂದ ಕಪಾಟಿಗೆ, ಕಪಾಟಿಂದ ಕಿಟಕಿ ಸಳಿಗೆ,
ಅಲ್ಲಿಂದ ಜೋತಾಡಿ ಬಾಗಿಲದ ಚಿಲಕಕ್ಕ
ಕೆಂಪು ಉಣ್ಣೆ ದಾರ.
ಒಲಿ ಮುಂದ ಕುಂತ ನನಗ ಹೇಳಿದ್ಲು,
"ನೀ ಟ್ರಾನ್ಸ್‌ಫಾರ್ಮರ್. ಗುಂಯ್ ಅನ್ನು."
ಗುಂಯ್ ಅಂತ ಕುಂತು ಬೆಳ್ಳುಳ್ಳಿ ಸುಲದೆ.

ನಡುಕಿನವ ಮುತ್ತು ಸ್ಟೂಲ್ ಹತ್ತಿದ,
ದಾರ ಮುಟ್ಟಿದ,
ಟ್ರ್ ಟ್ರ್ ಅಂತ ನಡುಗಿ ನೆಲಕ್ಕ ಬಿದ್ದ.
ನಾಲಿಗಿ ಹೊರಗ.
"ಮುತ್ತು ಸತ್ತ!" ಈರಣ್ಣ ಚಪ್ಪಾಳಿ ಬಡದ.

ನನ್ನ ಗುಂಯ್ ನಿಂತು ಹೋತು.

ಬೈಬೇಕಂತ ಎದ್ದೆ. ಬೈಲಿಲ್ಲ.
"ಎಲ್ಸಿ ತಗೊಂಡೇನ?" ಅಂದೆ.
"ಹತ್ತೂಕಿಂತ ಮೊದಲ ಎಲ್ಸಿ ತಗೋಬೇಕು.
ಸ್ಟೇಷನ್ನಿಗೆ ಫೋನ್ ಹಚ್ಚಬೇಕು,
ಅವರು ಲೈನ್ ಬಂದ್ ಮಾಡಿ, ಬುಕ್ಕಿನಾಗ ಬರಕೊಂಡು
ಲೈನ್ ಕ್ಲಿಯರ್ ಅನಬೇಕು,
ನೀ ಅದನ್ನ ತಿರುಗಿ ಹೇಳಬೇಕು.
ಆಮ್ಯಾಲ ಕೈ."
ಇದೆಲ್ಲಾ ಅವರು ಉಣ್ಣೂಮುಂದ ಹೇಳಿದ್ದು.
ನಾ ಹೂಂ ಹೂಂ ಅಂತ ರೊಟ್ಟಿ ಬಡೀತಿದ್ದೆ.
ಇಷ್ಟು ಕೇಳಿಸ್ಕೊಂಡಿದ್ದೆ ಅಂತ ನನಗಽ ಗೊತ್ತಿರಲಿಲ್ಲ.

ಸತ್ತ ಮುತ್ತು ಎದ್ದ. ಸೋಪಿನ ಡಬ್ಬಿ ಫೋನಾತು.
"ಹಲೋ, ಸ್ಟೇಷನ್? ಎಲ್ಸಿ ಕೊಡ್ರಿ."
"ತಡೀರಿ, ಸಾಹೇಬ್ರು ಚಾಕ್ಕ ಹೋಗ್ಯಾರ."
"ಜಲ್ದಿ ಕೊಡ್ರೀ, ಮಳಿ ಐತಿ!"
ಕತ್ತಲಾಗೂತನ ಎಷ್ಟು ಸಲ ಹತ್ತಿ ಇಳದ್ರೋ,
ಒಬ್ಬರೂ ಸಾಯಲಿಲ್ಲ.
ಅಲ್ಲೇ ಚಾಪಿ ಮ್ಯಾಲ ಮಲಗಿದ್ರು.
ದಾರ ಬಿಚ್ಚಾಕ ಮನಸ್ಸಾಗದ
ಬಗ್ಗಿ ಬಗ್ಗಿ ಹೋಗಿ ಚಿಮಣಿ ಹಚ್ಚಿಟ್ಟೆ.

ಎಷ್ಟೊತ್ತಿಗೋ ಬಾಗಿಲಾ ಬಡದ ಸಪ್ಪಳ.
ಚಿಲಕದ ದಾರ ಕಿಟಕಿಗೆ ಸುತ್ತಿ ತೆಗದೆ.
ರೇನ್‌ಕೋಟಿನಿಂದ ನೀರು ಸುರೀತಿತ್ತು,
ಮೀನಖಂಡದ ಮ್ಯಾಲ ಎರಡು ಜಿಗಣಿ.
ಒಳಗ ಟಾರ್ಚ್ ಬಿಟ್ಟು ನೋಡಿದ್ರು:
ಮಣಕಾಲ ಮಟ್ಟಕ್ಕ ಕೆಂಪು ದಾರ, ಅದರ ಕೆಳಗ ಮೂರು ತಲಿ.
ಏನಿದು ಅಂತ ಕೇಳಲಿಲ್ಲ.
ಸಣ್ಣ ದನಿಲೆ, "ಸ್ಟೇಷನ್ ಯಾರು?"
ಕೌದಿ ಒಳಗಿಂದ, ಕಣ್ಣು ತೆರೀದಽ,
ಶಿವಗಂಗಾ, "ಲೈನ್ ಕ್ಲಿಯರ್."
"ಲೈನ್ ಕ್ಲಿಯರ್," ತಿರುಗಿ ಹೇಳಿ
ಒಂದೊಂದಽ ಕಾಲು ಎತ್ತಿ ದಾಟಿ ಬಂದ್ರು.

ನಮ್ಮ ಮನಿಗೆ ಕರೆಂಟು ಬಂದದ್ದು
ಮರುದಿನ ಸಂಜಿಗೆ.
ಅಷ್ಟರಾಗ ಏಳನೇ ರಜಾ ಮುಗದಿತ್ತು.